ಬೋಟಿನ ಅಡಿಯ ಹಳೆ ಬಣ್ಣ ತೆಗೆಯುವುದು: ಗ್ರೈಂಡರ್ ಕೈಗೆತ್ತಿಕೊಳ್ಳುವ ಮೊದಲು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗಿಳಿಯುವಂತಿಲ್ಲ. ಬಲೆ ರಿಪೇರಿ, ಇಂಜಿನ್ ಕೆಲಸ, ಅಡಿಯ ಬಣ್ಣ ಎಲ್ಲವೂ ಆ 61 ದಿನಗಳೊಳಗೆ ಮುಗಿಯಬೇಕು. ಬಣ್ಣದ ಕೆಲಸಕ್ಕೆ ವರ್ಷದಲ್ಲೇ ಅತಿ ಕೆಟ್ಟ ಕಾಲವೂ ಅದೇ. ಮಂಗಳೂರು, ಉಡುಪಿ ಕಡೆ ಜೂನ್ ಜುಲೈ ಎರಡರಲ್ಲೂ ತಿಂಗಳಿಗೆ ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ಹಾಗಾಗಿ ಎರಡು ದಿನ ಮೋಡ ಸರಿದು ಬಿಸಿಲು ಬಿತ್ತೆಂದರೆ ಸಾಕು, ಬೋಟು ಎಳೆದಿಟ್ಟ ಕಡೆಯೆಲ್ಲ ಗ್ರೈಂಡರ್ ಸದ್ದು. ಕೆಲಸಗಾರರ ರೆಪ್ಪೆ, ಕಿವಿ, ಬನಿಯನ್ ಎಲ್ಲ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತವೆ. ಸಂಜೆ ಮಳೆ ಬಂದರೆ ನೆಲದ ಮೇಲಿನ ಆ ಕೆಂಪು ಪುಡಿ ಚರಂಡಿ ಹಿಡಿದು ನೇರ ಹೊಳೆಗೆ.

ಗ್ರೈಂಡರ್ ಬೇಗ ಕೆಲಸ ಮುಗಿಸುತ್ತದೆ ಎಂಬುದು ನಿಜ. ಆದರೆ ಈ ಕೆಲಸಕ್ಕೆ ಅದರಷ್ಟು ಕೆಟ್ಟ ಸಲಕರಣೆ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆ ಬಣ್ಣ ತೆಗೆಯುವುದರಲ್ಲಿ ಕೆರೆಯುವುದು ಅರ್ಧ ಕೆಲಸ. ಕೆರೆದದ್ದು ನಿಮ್ಮ ಶ್ವಾಸಕೋಶಕ್ಕೂ ಹೊಳೆಗೂ ಹೋಗದಂತೆ ಹಿಡಿಯುವುದು ಉಳಿದರ್ಧ. ಗ್ರೈಂಡರ್ ಮೊದಲರ್ಧವನ್ನು ಒರಟಾಗಿ ಮಾಡುತ್ತದೆ, ಎರಡನೆಯದನ್ನು ಅಸಾಧ್ಯವಾಗಿಸುತ್ತದೆ.

ಆ ಕೆಂಪು ಪುಡಿ ಏನು

ಬೋಟಿನ ಅಡಿಗೆ ಹೊಡೆಯುವ ಆಂಟಿಫೌಲಿಂಗ್ ಪೇಂಟಿಗೂ ಮನೆಯ ಗೇಟಿಗೆ ಹೊಡೆಯುವ ಪೇಂಟಿಗೂ ಹೋಲಿಕೆಯಿಲ್ಲ. ಪಾಚಿ, ಬರ್ನಾಕಲ್ ಎಂಬ ಗಟ್ಟಿ ಚಿಪ್ಪಿನ ಜೀವಿ, ಪಚಿಲೆ ಎಂಬ ಚಿಪ್ಪಿಮೀನಿನ ಮರಿಗಳು ತಳಕ್ಕೆ ಕಚ್ಚಿಕೊಳ್ಳದಿರಲೆಂದೇ ಅದರಲ್ಲಿ ವಿಷ ಬೆರೆಸಿರುತ್ತಾರೆ. ಹೆಚ್ಚಿನವುಗಳಲ್ಲಿ ಆ ವಿಷ ತಾಮ್ರದ ಆಕ್ಸೈಡ್, ಅಂದರೆ ಕ್ಯುಪ್ರಸ್ ಆಕ್ಸೈಡ್. ಇಟ್ಟಿಗೆ ಕೆಂಪು ಬರುವುದು ಅದರಿಂದಲೇ. ಕಪ್ಪು, ನೀಲಿ ಬಣ್ಣದ ಡಬ್ಬಿಯಲ್ಲೂ ಅದು ಇರಬಹುದು, ಬಣ್ಣ ನೋಡಿ ಮೋಸ ಹೋಗಬೇಡಿ. ತಾಮ್ರದ ಜೊತೆಗೆ ಪಾಚಿ ತಡೆಯಲು ಬೇರೆ ವಿಷಗಳೂ ಸೇರಿರುತ್ತವೆ.

ಬೋಟು ಹಳೆಯದಾದಷ್ಟೂ ಒಳಪದರಗಳ ಬಗ್ಗೆ ಅನುಮಾನ ಹೆಚ್ಚಿರಲಿ. 1970ರ ದಶಕದಲ್ಲಿ ಟಿಬಿಟಿ ಎಂಬ ತವರದ ಸಂಯುಕ್ತ ಬೆರೆಸಿದ ಬಣ್ಣ ಜಗತ್ತಿನಾದ್ಯಂತ ಓಡಿತು. ಅಷ್ಟು ಚೆನ್ನಾಗಿ ಕೆಲಸ ಮಾಡಿದ ಬಣ್ಣ ಮತ್ತೊಂದು ಬಂದಿಲ್ಲ ಎನ್ನುವವರಿದ್ದಾರೆ. ಆದರೆ ಫ್ರಾನ್ಸಿನ ಆರ್ಕಾಶಾಂ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಸಿಂಪಿಗಳು ಸೊಟ್ಟ ಬೆಳೆದವು, ಚಿಪ್ಪು ದಪ್ಪವಾಗಿ ಒಳಗೆ ಮಾಂಸವೇ ಇಲ್ಲದಾಯಿತು, ಮರಿಯಾಗುವುದೂ ನಿಂತಿತು. 1982ರಲ್ಲಿ ಫ್ರಾನ್ಸ್ 25 ಮೀಟರಿಗಿಂತ ಚಿಕ್ಕ ಬೋಟುಗಳಿಗೆ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2001ರಲ್ಲಿ ಇಂಥ ಬಣ್ಣ ನಿಷೇಧಿಸುವ ಒಪ್ಪಂದ ಮಾಡಿತು, 2008ರಲ್ಲಿ ಅದು ಜಾರಿಗೆ ಬಂತು. ನಮ್ಮ ಅಘನಾಶಿನಿಯ ಅಳಿವೆಯಲ್ಲಿ, ಬೇರೆ ಹೊಳೆಬಾಯಿಗಳಲ್ಲಿ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಚಿಪ್ಪಿಕಲ್ಲು, ಮರುವಾಯಿ ಹೆಕ್ಕಿ ಬದುಕುವವರಿಗೆ ಆರ್ಕಾಶಾಂ ಕಥೆ ದೂರದ್ದಲ್ಲ. ಚಿಪ್ಪಿನ ಜೀವಿಗಳು ನೀರು ಸೋಸಿ ಬದುಕುವಂಥವು. ನೀರಿಗೆ ಬಿದ್ದ ಲೋಹ ಅವುಗಳ ಮೈಯಲ್ಲಿ ಕೂಡುತ್ತಾ ಹೋಗುತ್ತದೆ.

ಇನ್ನೊಂದು ಸೀಸ. ಹಳೆ ಮರದ, ಉಕ್ಕಿನ ಬೋಟುಗಳಲ್ಲಿ ಒಳಗೆ ಢಾಳಾದ ಕೇಸರಿ ಬಣ್ಣದ ಪ್ರೈಮರ್ ಕಂಡರೆ ಅದು ರೆಡ್‌ಲೆಡ್ ಆಗಿರುವ ಸಾಧ್ಯತೆ ಇದೆ. ತುಕ್ಕಿನ ಕಂದು ಬಣ್ಣದ ರೆಡ್ ಆಕ್ಸೈಡ್ ಬೇರೆ, ಅದು ಕಬ್ಬಿಣದ್ದು. ಗೃಹಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಆದರೆ ಅದು ಮನೆ ಮತ್ತು ಅಲಂಕಾರದ ಪೇಂಟಿಗೆ ಮಾತ್ರ. ಕೇಸರಿ ಪದರ ಕಂಡ ಕಡೆ ನೀರಿಲ್ಲದೆ ಒಣದಾಗಿ ಉಜ್ಜುವುದೂ ಬೇಡ, ಬೆಂಕಿ ತೋರಿಸುವುದೂ ಬೇಡ.

ಪೂರ್ತಿ ತೆಗೆಯಲೇಬೇಕೆ?

ಬಹಳಷ್ಟು ಸಲ ಬೇಕಿಲ್ಲ. ಪೇಂಟಿಂಗ್ ಗುತ್ತಿಗೆಯವರು ಇದನ್ನು ಹೇಳುವುದು ಕಡಿಮೆ.

ಹರಿತವಾದ ಕಟ್ಟರ್ ಬ್ಲೇಡಿನಿಂದ ತಳದ ನಾಲ್ಕೈದು ಕಡೆ ಎರಡೆರಡು ಮಿ.ಮೀ. ಅಂತರದಲ್ಲಿ ಆರು ಗೆರೆ ಉದ್ದಕ್ಕೆ, ಆರು ಗೆರೆ ಅಡ್ಡಕ್ಕೆ ಗೀರಿ. ಮೇಲೆ ಗಟ್ಟಿಯಾದ ಟೇಪು ಒತ್ತಿ ಅಂಟಿಸಿ ಒಮ್ಮೆಲೇ ಎಳೆಯಿರಿ. ಟೇಪಿಗೆ ಒಂದೆರಡು ಚೂರು ಮಾತ್ರ ಅಂಟಿ ಬಂದರೆ ಕೆಳಗಿನ ಪದರ ಇನ್ನೂ ಗಟ್ಟಿಯಿದೆ. ಅಂಥ ಬೋಟಿಗೆ ಚೆನ್ನಾಗಿ ತೊಳೆದು, ನೀರು ಹಾಕಿ 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಒರಟು ಮಾಡಿ, ಅದೇ ಜಾತಿಯ ಬಣ್ಣ ಹೊಡೆದರೆ ಸಾಕು. ಚೌಕ ಚೌಕವಾಗಿ ಪದರವೇ ಎದ್ದು ಬಂದರೆ, ಎಲ್ಲಿಂದ ಎದ್ದಿದೆ ಎಂದು ನೋಡಿ. ಮೇಲಿನ ಒಂದು ಕೋಟ್ ಮಾತ್ರ ಎದ್ದಿದ್ದರೆ ಅಷ್ಟನ್ನೇ ತೆಗೆಯಿರಿ. ಪ್ರೈಮರಿನ ಬುಡದಿಂದ ಎದ್ದಿದ್ದರೆ ಪೂರ್ತಿ ತೆಗೆಯದೆ ವಿಧಿಯಿಲ್ಲ.

ಪೂರ್ತಿ ತೆಗೆಯಬೇಕಾಗುವ ಸಂದರ್ಭಗಳು ಇನ್ನೂ ಕೆಲವಿವೆ. ವರ್ಷ ವರ್ಷ ಒಂದರ ಮೇಲೊಂದು ಗಟ್ಟಿ ಜಾತಿಯ ಬಣ್ಣ ಕೂತು ತಳ ಗುಂಡಿ ಬಿದ್ದ ರಸ್ತೆಯಂತಾಗಿದ್ದರೆ, ಫೈಬರಿನಲ್ಲಿ ಗುಳ್ಳೆ ಎದ್ದಿದ್ದರೆ, ಹಿಂದೆ ಯಾವ ಬಣ್ಣ ಹೊಡೆದಿದ್ದಾರೆಂದು ಗೊತ್ತಿಲ್ಲದ ಸೆಕೆಂಡ್‌ಹ್ಯಾಂಡ್ ಬೋಟಾಗಿದ್ದರೆ, ಅಥವಾ ಒಳಗೆ ಡಾಂಬರು ಇದ್ದರೆ. ಡಾಂಬರಿನ ಮೇಲೆ ಏನೇ ಹೊಡೆದರೂ ಅದರ ಕಂದು ಕಲೆ ಹೊಸ ಬಣ್ಣವನ್ನು ದಾಟಿ ಮೇಲೆ ಬರುತ್ತದೆ. ಸವೆಯುತ್ತಾ ಹೋಗುವ ಜಾತಿಯ ಬಣ್ಣದಲ್ಲಿ, ಅಂಗಡಿಯಲ್ಲಿ ಸೆಲ್ಫ್ ಪಾಲಿಶಿಂಗ್ ಎಂದು ಕೊಡುತ್ತಾರಲ್ಲ ಅದರಲ್ಲಿ, ಈ ದಪ್ಪ ಕೂರುವ ತಾಪತ್ರಯ ಕಡಿಮೆ.

ಎಷ್ಟು ಕೆಲಸವಿದೆ ಎಂದು ಅಂದಾಜು ಬೇಕಾದರೆ ಒಂದು ಸುಲಭ ಲೆಕ್ಕವಿದೆ. ನೀರಿನ ಗೆರೆಯಲ್ಲಿ ಬೋಟಿನ ಉದ್ದವನ್ನು, ಅಗಲ ಮತ್ತು ಮುಳುಗುವ ಆಳ ಎರಡರ ಮೊತ್ತದಿಂದ ಗುಣಿಸಿ. 9 ಮೀಟರ್ ಉದ್ದ, 2.5 ಮೀಟರ್ ಅಗಲ, 0.7 ಮೀಟರ್ ಆಳವಿದ್ದರೆ ಸುಮಾರು 29 ಚದರ ಮೀಟರ್. ಒಂದು ಚದರ ಮೀಟರ್ ಕೆರೆದು ನೋಡಿ, ಎಷ್ಟು ಹೊತ್ತು ಹಿಡಿಯಿತೋ ಅದನ್ನು ಗುಣಿಸಿದರೆ ಆಳುಗಳ ಲೆಕ್ಕ ಸಿಕ್ಕಿತು. ಗುತ್ತಿಗೆ ಮಾತಾಡುವ ಮೊದಲು ಇದನ್ನು ಮಾಡಿಕೊಂಡರೆ ಒಳ್ಳೆಯದು.

ಎಳೆದ ದಿನವೇ ತೊಳೆಯಿರಿ

ಬೋಟು ನೀರಿನಿಂದ ಮೇಲೆ ಬಂದ ಗಳಿಗೆಯಲ್ಲಿ ಪಾಚಿ, ಚಿಪ್ಪು ಎಲ್ಲ ಹಸಿಯಾಗಿರುತ್ತವೆ. ಆಗ ಅಗಲ ಬಾಯಿಯ ಪುಟ್ಟಿ ಬ್ಲೇಡಿಗೆ ಬರ್ನಾಕಲ್ ಸಲೀಸಾಗಿ ಉದುರುತ್ತದೆ. ಒಂದು ದಿನ ಒಣಗಿದರೆ ಸಿಮೆಂಟು. ಉದುರಿದ ಮೇಲೂ ಉಳಿಯುವ ಬಿಳಿ ಬಿಲ್ಲೆಯಂಥ ಬುಡ ಸುಣ್ಣದ ಅಂಶದ್ದು. ಫೈಬರ್ ಬೋಟಿನಲ್ಲಿ ಅದಕ್ಕೆ ನೀರು ಬೆರೆಸಿದ ಆ್ಯಸಿಡ್ ಬ್ರಶ್ಶಿನಿಂದ ಸವರಿದರೆ ನೊರೆಯೆದ್ದು ಸಡಿಲವಾಗುತ್ತದೆ. ಆ್ಯಸಿಡ್ಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆ್ಯಸಿಡ್ಡಿಗಲ್ಲ. ಶಾಫ್ಟು, ಪ್ರೊಪೆಲ್ಲರ್, ಉಳಿದ ಲೋಹ ಸವೆಯದಂತೆ ಕಾಯಲು ತಳಕ್ಕೆ ಕಟ್ಟಿದ ಸತುವಿನ ತುಂಡುಗಳ ಹತ್ತಿರ ಅದನ್ನು ಸುಳಿಸಬೇಡಿ. ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಈ ಉಪಾಯ ಬೇಡವೇ ಬೇಡ.

ನಂತರ ಪ್ರೆಶರ್ ವಾಶ್, ಸಿಹಿನೀರಿನಲ್ಲಿ. ಉಪ್ಪು ಉಳಿದರೆ ಹೊಸ ಬಣ್ಣದ ಕೆಳಗೆ ಅದು ನೀರೆಳೆದು ಗುಳ್ಳೆ ಎಬ್ಬಿಸುತ್ತದೆ. ಮರದ ಬೋಟಾದರೆ ನಾಜಲನ್ನು ದೂರ ಹಿಡಿಯಿರಿ. ಹಲಗೆಯ ಸಂದಿಗೆ ಹೊಡೆದ ಹತ್ತಿ ಕಿತ್ತು ಬಂದರೆ ಇನ್ನೊಂದು ಖರ್ಚು. ತೊಳೆದ ನೀರು ಕೆಂಪಗೆ ಹರಿಯುವುದನ್ನು ನೋಡಿರುತ್ತೀರಿ. ಅದರಲ್ಲಿಯೂ ತಾಮ್ರವಿದೆ. ಇಳಿಜಾರಿನ ಕೆಳಗೆ ಮರಳಿನ ಚೀಲ ಅಡ್ಡ ಇಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಕೂತ ಕೆಸರನ್ನು ಕೆರೆದ ಬಣ್ಣದ ಜೊತೆಗೇ ಹಾಕಿ.

ತಾರ್ಪಾಲು, ಮುಖವಾಡ, ವಯರು

ಬೋಟಿನ ಎರಡೂ ಬದಿಗೆ ಒಂದೊಂದು ಮೀಟರ್ ಹೆಚ್ಚುವರಿ ಚಾಚುವಷ್ಟು ದಪ್ಪ ತಾರ್ಪಾಲನ್ನು ನೆಲಕ್ಕೆ ಹಾಸಿ, ಅಂಚನ್ನು ಮರದ ಪಟ್ಟಿಗೆ ಸುತ್ತಿ ಎತ್ತರಿಸಿ. ಮೇಲಿನಿಂದ ಇನ್ನೊಂದನ್ನು ಇಳಿಬಿಡಿ. ಮಳೆಗಾಲದಲ್ಲಿ ಹೇಗೂ ಚಪ್ಪರ ಬೇಕೇ ಬೇಕು, ಅದೇ ಗಾಳಿಗೂ ಅಡ್ಡವಾಗುತ್ತದೆ. ಬೋಟು ನಿಂತಿರುವ ಊರುಗೋಲುಗಳಿಗೆ, ಅವನ್ನು ಬಿಗಿದ ಹಗ್ಗಕ್ಕೆ ತಾರ್ಪಾಲು ಕಟ್ಟಬೇಡಿ. ಗಾಳಿ ತಾರ್ಪಾಲನ್ನು ಎಳೆದಾಗ ಊರುಗೋಲೂ ಜಾರುತ್ತದೆ.

ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಕಣ್ಣಿಗೆ ಕಾಣುವ ಧೂಳು ನಿಲ್ಲುತ್ತದೆ, ಕಾಣದ್ದು ಒಳಗೆ ಹೋಗುತ್ತದೆ. ಬೇಕಾದದ್ದು ಮೂಗು ಬಾಯಿ ಮುಚ್ಚುವ ರಬ್ಬರಿನ ಅರೆ ಮುಖವಾಡ, ಅದಕ್ಕೆ ಅತಿ ಸಣ್ಣ ಧೂಳನ್ನೂ ತಡೆಯುವ ಪಿ3 ಅಥವಾ ಪಿ100 ದರ್ಜೆಯ ಫಿಲ್ಟರ್. ಗಡ್ಡವಿದ್ದರೆ ಯಾವ ಮುಖವಾಡವೂ ಸರಿಯಾಗಿ ಕೂರದು. ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಕೈಗೆ ಗವಸು, ಮೈಗೆ ಉದ್ದ ತೋಳಿನ ಹಳೆ ಅಂಗಿ. ಆ ಬಟ್ಟೆ ಮನೆಗೆ ಹೋಗಬಾರದು. ಕೆಲಸದ ಜಾಗದ ಸೀಸದ ಧೂಳು ಅಪ್ಪನ ಅಂಗಿಯ ಮೂಲಕ ಮಕ್ಕಳನ್ನು ಮುಟ್ಟಬಹುದು. ಕೈ ತೊಳೆಯದೆ ಬೀಡಿ ಸೇದುವುದು, ತಾರ್ಪಾಲಿನ ಮೇಲೆಯೇ ಕೂತು ಊಟ ಮಾಡುವುದೂ ಅದೇ ಲೆಕ್ಕ.

ವಯರಿನ ವಿಷಯ ಬೇರೆಯಾಗಿ ಹೇಳಬೇಕು. ಒದ್ದೆ ನೆಲ, ಟೇಪು ಸುತ್ತಿದ ಎಕ್ಸ್‌ಟೆನ್ಷನ್, ಕೈಯಲ್ಲಿ ಲೋಹದ ಮೈಯ ಮೆಷಿನ್: ಮಳೆಗಾಲದಲ್ಲಿ ಇದಕ್ಕಿಂತ ಅಪಾಯದ ಜೋಡಿ ಬೇಡ. ಲೈನಿಗೆ, ಕರೆಂಟು ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ನೀರು ಹಾಕಿ ಉಜ್ಜುವುದಾದರೆ ಕೈಯಲ್ಲೇ ಉಜ್ಜಿ, ಕರೆಂಟಿನ ಮೆಷಿನಿಗೆ ನೀರು ತೋರಿಸಬೇಡಿ.

ಕೊನೆಗೆ, ನೀರಿನ ಆಳ ಅಳೆಯುವ ಎಕೋಸೌಂಡರಿನ ಮುಖ, ನೀರೆಳೆಯುವ ತೂತುಗಳು, ಶಾಫ್ಟು, ಸತು ಇವಕ್ಕೆಲ್ಲ ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿ.

ಫೈಬರ್ ಬೋಟು

ಒಂದು ಅಂಗೈ ಅಗಲದ ಜಾಗವನ್ನು ಮೊದಲು ನಿಧಾನವಾಗಿ, ನೀರು ಹಾಕಿ, ಗುಂಡಗೆ ಉಜ್ಜಿ ಬುಡ ಮುಟ್ಟಿ. ಆ ಗುಂಡಿಯ ಅಂಚಿನಲ್ಲಿ ಬೋಟಿನ ಚರಿತ್ರೆಯೇ ಉಂಗುರ ಉಂಗುರವಾಗಿ ಕಾಣುತ್ತದೆ: ಹೊರಗೆ ಕಳೆದ ವರ್ಷದ ಕೆಂಪು, ಅದರೊಳಗೆ ಯಾರೋ ಒಮ್ಮೆ ಹೊಡೆದ ಕಪ್ಪು, ಮತ್ತೆ ಕೆಂಪು, ತೆಳುವಾದ ಬೂದು ಪ್ರೈಮರ್, ನಡುವೆ ಬಿಳಿ ಅಥವಾ ತಿಳಿನೀಲಿಯ ಜೆಲ್‌ಕೋಟ್. ಈ ಕ್ರಮವನ್ನು ಬರೆದಿಟ್ಟುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇನ್ನು ಮುಂದೆ ಕೆರೆಯುವಾಗ ಬೂದು ಕಂಡರೆ ನಿಧಾನಿಸಬೇಕು, ಬಿಳಿ ಕಂಡರೆ ನಿಲ್ಲಿಸಬೇಕು. ಜೆಲ್‌ಕೋಟ್ ಇರುವುದೇ ಅರ್ಧ ಮಿ.ಮೀ.ನಷ್ಟು. ನೀರು ಫೈಬರಿನೊಳಗೆ ಹೋಗದಂತೆ ತಡೆಯುವ ತೊಗಲು ಅದು. ಗ್ರೈಂಡರಿನ ಡಿಸ್ಕಿಗೆ ಅರ್ಧ ಮಿ.ಮೀ. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಒಮ್ಮೆ ಅರ್ಧ ಚಂದ್ರಾಕಾರದ ಗಾಯಗಳು ಬಿದ್ದವೆಂದರೆ ಅವನ್ನು ತುಂಬಿ ಮಟ್ಟ ಮಾಡುವ ಖರ್ಚು, ಉಳಿಸಿದ ಕೂಲಿಗಿಂತ ಹೆಚ್ಚು. ಬೂದು ಪ್ರೈಮರ್ ಗಟ್ಟಿಯಾಗಿ ಹಿಡಿದಿದ್ದರೆ ಅದನ್ನು ತೆಗೆಯುವ ಅಗತ್ಯವೇ ಇಲ್ಲ, ಅಲ್ಲಿಗೇ ನಿಂತರೆ ಲಾಭ.

ಒಳ್ಳೆಯ ಸಲಕರಣೆ ಟಂಗ್‌ಸ್ಟನ್ ಕಾರ್ಬೈಡ್ ಬ್ಲೇಡಿನ ಎಳೆಯುವ ಸ್ಕ್ರೇಪರ್. ಉದ್ದ ಹಿಡಿ, ಮೇಲೊಂದು ಗುಬಟು, ಎರಡೂ ಕೈಯಲ್ಲಿ ಹಿಡಿದು ತನ್ನೆಡೆಗೆ ಎಳೆಯುವಂಥದ್ದು. ಹೊಸ ಬ್ಲೇಡಿನ ಎರಡೂ ಮೂಲೆಗಳನ್ನು ಡೈಮಂಡ್ ಫೈಲಿನಲ್ಲಿ ಚೂರು ಗುಂಡಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಕೈ ಸ್ವಲ್ಪ ವಾಲಿದಾಗ ಮೂಲೆ ಜೆಲ್‌ಕೋಟಿನಲ್ಲಿ ಗೀರು ಕೊರೆಯುತ್ತದೆ. ತಳವನ್ನು ಒದ್ದೆ ಮಾಡುತ್ತಾ ಎಳೆಯಿರಿ, ಸ್ಪ್ರೇ ಬಾಟಲಿ ಸಾಕು. ಬ್ಲೇಡು ಹರಿತವಿದ್ದಾಗ ಬಣ್ಣ ಸುರುಳಿ ಸುರುಳಿಯಾಗಿ ಕೈಯಷ್ಟುದ್ದ ಎದ್ದು ತಾರ್ಪಾಲಿಗೆ ಬೀಳುತ್ತದೆ, ಧೂಳೇ ಇಲ್ಲ. ಸುರುಳಿ ನಿಂತು ಪುಡಿ ಬರತೊಡಗಿತೆಂದರೆ ಬ್ಲೇಡು ಮೊಂಡಾಗಿದೆ. ಆಗ ಬಲ ಹಾಕಿ ಒತ್ತುವುದು ದಡ್ಡತನ, ಬ್ಲೇಡು ತಿರುಗಿಸಿ ಅಥವಾ ಬದಲಿಸಿ. ಹೆಚ್ಚಿನವರು ಇಲ್ಲೇ ಜಿಪುಣತನ ತೋರಿಸಿ ಭುಜ ನೋಯಿಸಿಕೊಳ್ಳುವುದು.

ಮುಂಭಾಗದಿಂದ ಹಿಂದಕ್ಕೆ, ಮೇಲಿನಿಂದ ಕೆಳಕ್ಕೆ, ಒಂದೊಂದು ಮೀಟರಿನ ಪಟ್ಟಿ ಗುರುತು ಹಾಕಿಕೊಂಡು ಹೋಗಿ. ತಲೆಯ ಮೇಲೆ ಕೈಯೆತ್ತಿ ಮಾಡುವ ಅಡಿಭಾಗವನ್ನು ಬೆಳಗ್ಗೆಯೇ ಮುಗಿಸಿದರೆ ಒಳ್ಳೆಯದು, ಮಧ್ಯಾಹ್ನದ ಹೊತ್ತಿಗೆ ತೋಳು ಹೇಳಿದ ಮಾತು ಕೇಳುವುದಿಲ್ಲ. ದಿನದ ಕೊನೆಗೆ ಅಲ್ಲ, ಪಟ್ಟಿ ಪಟ್ಟಿಗೂ ಕೆಳಗೆ ಬಿದ್ದ ಸಿಪ್ಪೆ ಗುಡಿಸಿ ಚೀಲಕ್ಕೆ ತುಂಬಿ. ತುಳಿದರೆ ಅದು ಪುಡಿಯಾಗುತ್ತದೆ, ಚಪ್ಪಲಿಗೆ ಅಂಟಿ ಊರೆಲ್ಲ ಹರಡುತ್ತದೆ.

ಸ್ಕ್ರೇಪರಿಗೆ ಸಿಗದೆ ಉಳಿದ ತೆಳು ಪದರಕ್ಕೆ 80ರ ವಾಟರ್ ಪೇಪರ್, ಕೊನೆಗೆ 120. ಮೆಷಿನ್ ಬೇಕೇ ಬೇಕೆಂದರೆ ಗುಂಡಗೆ ಅದುರುತ್ತಾ ಸುತ್ತುವ ಆರ್ಬಿಟಲ್ ಸ್ಯಾಂಡರ್ ತನ್ನಿ, ಅದಕ್ಕೆ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಪೈಪು ಜೋಡಿಸಿರಬೇಕು. ಬಟ್ಟೆಯ ಚೀಲವಿರುವ ಸಾದಾ ಸ್ಯಾಂಡರಿನಿಂದ ಸಣ್ಣ ಧೂಳು ಚೀಲದ ಬಟ್ಟೆಯ ಮೂಲಕವೇ ಹೊರಬರುತ್ತದೆ.

ಹೀಟ್‌ಗನ್ ಫೈಬರಿಗೆ ಬೇಡ. ಜೆಲ್‌ಕೋಟ್ ಗುಳ್ಳೆ ಏಳುತ್ತದೆ, ಒಳಗಿನ ರಾಳ ಮೆತ್ತಗಾಗುತ್ತದೆ, ಆಂಟಿಫೌಲಿಂಗಿನ ಹೊಗೆ ವಿಷ.

ಬಣ್ಣ ಹೋದ ಮೇಲೆ ಜೆಲ್‌ಕೋಟಿನಲ್ಲಿ ಕಾಳುಕಾಳಿನಷ್ಟು ಗುಳ್ಳೆ ಕಂಡರೆ ಗಾಬರಿ ಬೇಡ, ಆದರೆ ಕನ್ನಡಕ ತೆಗೆಯಬೇಡಿ. ಚುಚ್ಚಿದಾಗ ಒಳಗಿನ ದ್ರವ ಚಿಮ್ಮಬಹುದು. ಬೆರಳಿಗೆ ಅಂಟಂಟಾಗಿ, ವಿನೆಗರಿನ ಹುಳಿ ವಾಸನೆ ಬಂದರೆ ನೀರು ಜೆಲ್‌ಕೋಟ್ ದಾಟಿ ಒಳಗೆ ಹೋಗಿದೆ ಎಂದರ್ಥ. ಹತ್ತಿಪ್ಪತ್ತು ಗುಳ್ಳೆಯಾದರೆ ಒಂದೊಂದನ್ನೂ ತೆರೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿ. ಕಾರಿನ ಡೆಂಟಿಂಗಿಗೆ ಬಳಸುವ ಪಾಲಿಯೆಸ್ಟರ್ ಪುಟ್ಟಿ ನೀರಿನ ಗೆರೆಯ ಕೆಳಗೆ ಬಾಳುವುದಿಲ್ಲ. ತಳದ ತುಂಬ ಗುಳ್ಳೆಯಿದ್ದರೆ ಅದು ವಾರಗಟ್ಟಲೆ ಒಣಗಬೇಕಾದ ಕೆಲಸ, ಜುಲೈಯಲ್ಲಿ ಅದು ಆಗುವ ಮಾತಲ್ಲ. ಆಗಸ್ಟ್ 1ಕ್ಕೆ ಬೋಟು ಇಳಿಯಲೇಬೇಕಿದ್ದರೆ ಆ ಚಿಕಿತ್ಸೆಯನ್ನು ಬೇಸಿಗೆಗೆ ಇಟ್ಟುಕೊಳ್ಳಿ. ಒದ್ದೆ ತಳದ ಮೇಲೆ ಎಪಾಕ್ಸಿ ಬಳಿದರೆ ನೀರನ್ನು ಒಳಗೇ ಕೂಡಿಹಾಕಿದಂತೆ.

ಪೇಂಟ್ ರಿಮೂವರ್ ಬಗ್ಗೆ ಒಂದು ಮಾತು

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾದಾ ರಿಮೂವರಿನ ಡಬ್ಬಿ ತಿರುಗಿಸಿ ಓದಿ. ಡೈಕ್ಲೋರೋಮೀಥೇನ್ ಅಥವಾ ಮೀಥೈಲೀನ್ ಕ್ಲೋರೈಡ್ ಎಂದಿದ್ದರೆ ಅಲ್ಲೇ ಇಟ್ಟು ಬನ್ನಿ. ಎರಡೂ ಒಂದೇ. ಅದು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಸವರಿದ ಕೂಡಲೇ ಆವಿಯಾಗುತ್ತದೆ. ತಾರ್ಪಾಲಿನ ಒಳಗೆ ಆ ಆವಿ ತುಂಬಿದರೆ ತಲೆ ಸುತ್ತಿ ಬೀಳಬಹುದು, ಪ್ರಾಣವೂ ಹೋಗಬಹುದು. ಸಾದಾ ಕಾರ್ಟ್ರಿಡ್ಜ್ ಮುಖವಾಡ ಅದನ್ನು ಹೆಚ್ಚು ಹೊತ್ತು ತಡೆಯದು. ಅಮೆರಿಕದಲ್ಲಿ 2019ರಲ್ಲೇ ಸಾಮಾನ್ಯ ಗ್ರಾಹಕರಿಗೆ ಇಂಥ ರಿಮೂವರ್ ಮಾರುವುದನ್ನು ನಿಲ್ಲಿಸಿದರು. ಅದು ಜೆಲ್‌ಕೋಟನ್ನೂ ಮೆತ್ತಗೆ ಮಾಡುತ್ತದೆ.

ಫೈಬರಿಗೆಂದೇ ಮಾಡಿದ, ಬೆಂಜೈಲ್ ಆಲ್ಕೊಹಾಲಿನಂಥ ನಿಧಾನದ ದ್ರಾವಕವಿರುವ ರಿಮೂವರ್ ಸಿಕ್ಕರೆ ಬಳಸಬಹುದು. ದಪ್ಪಗೆ ಬಳಿದು, ಒಣಗದಂತೆ ತೆಳು ಪ್ಲಾಸ್ಟಿಕ್ ಹೊದಿಸಿ, ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ಬಿಟ್ಟು, ಮೊಂಡು ಪುಟ್ಟಿ ಬ್ಲೇಡಿನಿಂದ ತಳ್ಳಿ ತೆಗೆಯಿರಿ. ಧೂಳೇ ಏಳದಿರುವುದು ಇದರ ದೊಡ್ಡ ಗುಣ. ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ, ಜೆಲ್‌ಕೋಟ್ ಉಗುರಿಗೆ ಮೆತ್ತಗೆ ಸಿಗುತ್ತಿದೆಯೇ ನೋಡಿ. ಮಳೆ ಬಿದ್ದರೆ ಮಾತ್ರ ಎಲ್ಲ ತೊಳೆದು ಹೊಳೆಗೆ, ಹಾಗಾಗಿ ಚಪ್ಪರ ಗಟ್ಟಿಯಿಲ್ಲದೆ ಡಬ್ಬಿಯ ಮುಚ್ಚಳ ತೆರೆಯಬೇಡಿ.

ಮರದ ಬೋಟು

ಮರದಲ್ಲಿ ಕೆರೆಯುವ ರೀತಿಯೇ ಬೇರೆ. ಮರದ ನಾರಿನ ದಿಕ್ಕಿನಲ್ಲೇ ಸ್ಕ್ರೇಪರ್ ಎಳೆಯಬೇಕು, ಅಡ್ಡ ಎಳೆದರೆ ನಾರು ಕೀಳುತ್ತದೆ. ಸಂದಿಗಳ ಮೇಲೆ ಕೈ ಹಗುರವಿರಲಿ, ಅಲ್ಲಿ ರಿಮೂವರಂತೂ ಬೇಡ, ಹತ್ತಿಯ ಮೇಲಿನ ಪುಟ್ಟಿ ಕರಗಿ ಹೋಗುತ್ತದೆ. ಕೆರೆಯುತ್ತಾ ಹೋಗುವಾಗ ಆಚಾರಿಯೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡರೆ ಒಳ್ಳೆಯದು. ಬಣ್ಣ ಹೋದಾಗ ಮಾತ್ರ ಕಾಣುವ ಸಂಗತಿಗಳಿರುತ್ತವೆ: ಹಡಗುಹುಳು ಕೊರೆದ ಸೂಜಿಮೊನೆಯಷ್ಟು ತೂತು, ಮೊಳೆಯ ಸುತ್ತ ಕಪ್ಪಾದ ಮರ, ತಟ್ಟಿದರೆ ಪೊಳ್ಳು ಸದ್ದು ಕೊಡುವ ಹಲಗೆ. ಹುಳುವಿನ ತೂತು ಹೊರಗೆ ಸಣ್ಣದಿರುತ್ತದೆ, ಒಳಗೆ ಬೆರಳು ದಪ್ಪದ ಸುರಂಗವಿರಬಹುದು. ಅಂಥದ್ದನ್ನು ಕಂಡ ಕೂಡಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮುಂದೆ ಹೋಗಿ.

ನಾಡದೋಣಿಗಳಿಗೆ ಹಿಂದಿನಿಂದಲೂ ಗೇರುಬೀಜದ ಸಿಪ್ಪೆಯ ಎಣ್ಣೆ, ಬೂತಾಯಿ ಮೀನಿನ ಎಣ್ಣೆ ಬಳಿಯುವ ರೂಢಿಯಿದೆ. ಚೆನ್ನಾಗಿಯೇ ಕಾಯುತ್ತದೆ. ತಾಪತ್ರಯ ಶುರುವಾಗುವುದು ಆ ದೋಣಿಗೆ ಫೈಬರ್ ಹೊದಿಕೆ ಹಾಕಬೇಕೆಂದಾಗ. ಎಣ್ಣೆ ಕುಡಿದ ಮರಕ್ಕೆ ರಾಳ ಹಿಡಿಯುವುದಿಲ್ಲ, ಒಂದೆರಡು ವರ್ಷದಲ್ಲಿ ಹೊದಿಕೆ ಮರದಿಂದ ಬಿಟ್ಟುಕೊಂಡು ನಡುವೆ ನೀರು ನಿಲ್ಲುತ್ತದೆ. ಹೊದಿಕೆಗೆ ಮೊದಲು ಆ ಎಣ್ಣೆ ತೆಗೆಯಬೇಕು. ಎಣ್ಣೆಯ ಅಂಟುಪದರ ಸ್ಯಾಂಡ್ ಪೇಪರನ್ನು ನಿಮಿಷದಲ್ಲಿ ಮೆತ್ತಿ ಹಾಕುತ್ತದೆ, ಹಾಗಾಗಿ ಬೆಳಗಿನ ತಂಪಿನಲ್ಲಿ, ಪದರ ಬಿಗಿಯಾಗಿರುವಾಗ, ಹರಿತ ಸ್ಕ್ರೇಪರಿನಲ್ಲೇ ತೆಗೆಯಿರಿ. ಉಳಿದದ್ದನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ, ಬಟ್ಟೆ ಬದಲಿಸುತ್ತಾ ಒರೆಸಿ. ಆಮೇಲೂ ಮರದ ಮೇಲೆ ನೀರು ಹನಿಸಿದಾಗ ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಗೇರೆಣ್ಣೆ ಬರಿಗೈಗೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುವುದು ಕರಾವಳಿಯವರಿಗೆ ಹೇಳಿ ತಿಳಿಸಬೇಕಾಗಿಲ್ಲ. ಥಿನ್ನರ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ಬಿಡಿಸಿ ಒಣಗಿಸಿ. ಎಣ್ಣೆ ಬಟ್ಟೆಯ ಮುದ್ದೆ ತಾನಾಗಿಯೇ ಬೆಂಕಿ ಹಿಡಿಯಬಲ್ಲದು.

ಬೇಸಿಗೆಯಲ್ಲಿ ಎಳೆದ ಮರದ ಬೋಟನ್ನು ಬಣ್ಣ ತೆಗೆದು ಬಿಸಿಲಿಗೆ ಹಾಗೇ ಬಿಟ್ಟರೆ ಹಲಗೆ ಕುಗ್ಗಿ ಸಂದಿ ಬಾಯಿ ಬಿಡುತ್ತದೆ. ಬಿಸಿಲಿನ ಬದಿಗೆ ಒದ್ದೆ ಗೋಣಿ ತೂಗುಹಾಕಿ.

ಉಕ್ಕು, ಅಲ್ಯೂಮಿನಿಯಮ್

ಉಕ್ಕಿನ ಬೋಟನ್ನು ಪೂರ್ತಿ ಬರಿದು ಮಾಡುವುದು ಬ್ಲಾಸ್ಟಿಂಗ್ ತಂಡದ, ಅಂದರೆ ಗಾಳಿಯ ಒತ್ತಡದಿಂದ ಗಟ್ಟಿ ಹರಳು ಹೊಡೆದು ಬಣ್ಣ ತೆಗೆಯುವವರ ಕೆಲಸ, ಕೈಯಲ್ಲಿ ಮುಗಿಯುವಂಥದ್ದಲ್ಲ. ಅವರನ್ನು ಕರೆಯುವಾಗ ಎರಡು ಪ್ರಶ್ನೆ ಕೇಳಿ. ಏನು ಹೊಡೆಯುತ್ತೀರಿ? ಹೊಳೆಯ ಮರಳು ಎಂದರೆ ಬೇಡ ಎನ್ನಿ. ಅದರ ಸಿಲಿಕಾ ಧೂಳಿನಿಂದ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಬದಲಿಗೆ ಗಾರ್ನೆಟ್ ಎಂಬ ಖನಿಜದ ಹರಳು, ಸ್ಟೀಲ್ ಗ್ರಿಟ್ ಎಂಬ ಉಕ್ಕಿನ ಹರಳು ಇವೆ. ಎಷ್ಟರ ಮಟ್ಟಿಗೆ ತೆಗೆಯುತ್ತೀರಿ? ಎಸ್‌ಎ 2½ ಎಂದು ಒಪ್ಪಂದದಲ್ಲಿ ಬರೆಸಿ, ಅಂದರೆ ಅಲ್ಲಲ್ಲಿ ತೆಳು ನೆರಳಿನಂಥ ಕಲೆ ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗಾದ ಲೋಹ. ಬರಿದಾದ ಉಕ್ಕು ನಮ್ಮ ಹವೆಯಲ್ಲಿ ಕೆಲವೇ ಗಂಟೆಗಳಲ್ಲಿ ಕಂದು ತಿರುಗುತ್ತದೆ, ಆದ್ದರಿಂದ ಅದೇ ದಿನ ಪ್ರೈಮರ್ ಹೊಡೆಯುವಷ್ಟು ಜಾಗವನ್ನೇ ಬ್ಲಾಸ್ಟ್ ಮಾಡಿಸಿ. ಅಲ್ಲಲ್ಲಿ ಮಾತ್ರ ತುಕ್ಕಿದ್ದರೆ ಚಿಪ್ಪಿಂಗ್ ಸುತ್ತಿಗೆ, ವಯರ್ ಬ್ರಶ್ ಸಾಕು.

ಅಲ್ಯೂಮಿನಿಯಮ್ ತಳಕ್ಕೆ ಉಕ್ಕಿನ ವಯರ್ ಬ್ರಶ್ ತಾಗಿಸಬೇಡಿ. ತಾಮ್ರವಿರುವ ಬಣ್ಣವನ್ನು ಅದರ ಮೇಲೆ ಯಾರಾದರೂ ಹೊಡೆದಿದ್ದರೆ ಕೂಡಲೇ ತೆಗೆಸಿ. ಉಪ್ಪುನೀರಿನಲ್ಲಿ ತಾಮ್ರದ ಪಕ್ಕದ ಅಲ್ಯೂಮಿನಿಯಮ್ ಬ್ಯಾಟರಿಯಂತೆ ಕರಗುತ್ತದೆ.

ಕೆರೆದದ್ದು ಎಲ್ಲಿಗೆ

ಸಿಪ್ಪೆ, ಕೆಸರು, ಪೇಪರ್, ಒರೆಸಿದ ಬಟ್ಟೆ, ಫಿಲ್ಟರ್ ಎಲ್ಲ ದಪ್ಪ ಚೀಲಕ್ಕೆ, ಚೀಲ ಮುಚ್ಚಳವಿರುವ ಡ್ರಮ್ಮಿಗೆ. ಅದನ್ನು ಸುಡುವುದೂ ತೆಂಗಿನ ಬುಡಕ್ಕೆ ಹೂಳುವುದೂ ಬೇಡ. ಪಂಚಾಯಿತಿಯ ಕಸದ ಗಾಡಿಗೂ ಅಲ್ಲ. ಇಂಥ ತ್ಯಾಜ್ಯಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿವೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವವರಿಗೇ ಕೊಡಬೇಕು. ಒಬ್ಬೊಬ್ಬ ಬೋಟಿನವರು ಒಂದೊಂದು ಡ್ರಮ್ ಹಿಡಿದು ಓಡಾಡುವುದು ಆಗದ ಮಾತು. ಬೋಟು ಎಳೆಯುವ ಯಾರ್ಡಿನವರು ಅಥವಾ ಬೋಟಿನವರ ಸಂಘ ಒಂದು ಕಡೆ ಕೂಡಿಸಿ ಒಟ್ಟಿಗೆ ಸಾಗಿಸುವ ಏರ್ಪಾಡು ಮಾಡಬೇಕು. ಯಾರ್ಡಿನ ಬಾಡಿಗೆ ಮಾತಾಡುವಾಗಲೇ ಇದನ್ನು ಕೇಳಿಬಿಡಿ.

ಬಣ್ಣ ಹೋದ ಮೇಲೆ, ಹೊಸದು ಬರುವ ಮೊದಲು

ಬರಿದಾದ ತಳವನ್ನು ಸಿಹಿನೀರಿನಲ್ಲಿ ಮತ್ತೊಮ್ಮೆ ತೊಳೆದು ಒಣಗಿಸಿ. ಎಪಾಕ್ಸಿ ಪ್ರೈಮರಿಗೆ ಎರಡು ಷರತ್ತು: ಗಾಳಿಯ ತೇವಾಂಶ ಶೇ. 85 ಮೀರಿರಬಾರದು, ತಳದ ಮೇಲ್ಮೈ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಕೈ ಮುಟ್ಟಿ ನೋಡಿದರೆ ಇದು ಗೊತ್ತಾಗದು. ತೇವಾಂಶ ಅಳೆಯುವ ಸಣ್ಣ ಮೀಟರ್ ತರಿಸಿಕೊಳ್ಳಿ, ಒಂದು ಡಬ್ಬಿ ಎಪಾಕ್ಸಿಗಿಂತ ಅದು ಅಗ್ಗ. ಮಳೆ ಬಿಟ್ಟ ದಿನ ನಡುಮಧ್ಯಾಹ್ನದ ಕೆಲ ಗಂಟೆಗಳೇ ಸಿಗುವುದು. ಅದಕ್ಕೆ ಬೇಕಾದ್ದನ್ನೆಲ್ಲ ಬೆಳಗ್ಗೆಯೇ ಸಿದ್ಧ ಮಾಡಿಟ್ಟುಕೊಂಡಿರಬೇಕು. ಒದ್ದೆ ಹವೆಯಲ್ಲಿ ಒಣಗಿದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ಥಿನ್ನರಿನಿಂದಲ್ಲ, ನೀರು ಮತ್ತು ಒರಟು ಸ್ಕ್ರಬ್ಬರಿನಿಂದ ತೊಳೆದ ಮೇಲೆಯೇ ಮುಂದಿನ ಕೋಟ್.

ಆಂಟಿಫೌಲಿಂಗಿನ ಮೊದಲ ಕೋಟನ್ನು ಕೊನೆಯ ಪ್ರೈಮರ್ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಹೊಡೆಯಬೇಕು. ಹೆಬ್ಬೆರಳು ಒತ್ತಿದರೆ ಗುರುತು ಮೂಡಬೇಕು, ಬಣ್ಣ ಬೆರಳಿಗೆ ಅಂಟಬಾರದು, ಆ ಹದ. ಸಮಯ ಮೀರಿದರೆ ಮತ್ತೆ ಉಜ್ಜಬೇಕಾಗುತ್ತದೆ. ಸತುವಿನ ತುಂಡುಗಳಿಗೆ, ಎಕೋಸೌಂಡರಿನ ಮುಖಕ್ಕೆ ಈ ಬಣ್ಣ ಬೀಳದಿರಲಿ.

ಊರುಗೋಲು, ದಿಮ್ಮಿಗಳು ತಾಗಿರುವ ಜಾಗದ ಹಳೆ ಬಣ್ಣ ಹಾಗೇ ಉಳಿದಿರುತ್ತದೆ. ಅವನ್ನು ಸರಿಸುವುದು ಯಾರ್ಡಿನವರ ಕೆಲಸ, ನೀವೇ ಕೈ ಹಾಕಬೇಡಿ. ಪಕ್ಕದಲ್ಲಿ ಇನ್ನೊಂದು ಊರುಗೋಲು ಕೊಟ್ಟ ಮೇಲೆ ಒಂದೊಂದಾಗಿ ಸರಿಸಲು ಹೇಳಿ, ಆ ಚೌಕಗಳನ್ನೂ ಕೆರೆದು ಪ್ರೈಮರ್, ಬಣ್ಣ ಎರಡೂ ಕೊಡಿಸಿ. ಇಳಿಸುವ ದಿನ ಬೆಳಗ್ಗೆ ನೆನಪಾದರೆ ಒಣಗಲು ಹೊತ್ತಿರುವುದಿಲ್ಲ. ಹಾಗಾಗಿ ಯಾರ್ಡಿನವರಿಗೆ ಒಂದು ವಾರ ಮೊದಲೇ ತಿಳಿಸಿಡಿ.